ಹಳ್ಳದ ದಾರಿಯ ಅರ್ಜಿ

ಐವತ್ತರ ದಶಕದಲ್ಲಿ ನಾನು ಗುಂಡ್ಲುಪೇಟೆಯಲ್ಲಿ ಮೇಷ್ಟ್ರಾಗಿದ್ದೆ. ಐದಾರು ಜನ ಸೇರಿ ಒಂದು ಸೇವಾ ಸಂಘ ಕಟ್ಟಿಕೊಂಡಿದ್ದೆವು. ಎಲ್ಲರೂ ಹೊಲಗದ್ದೆ ಇದ್ದ ಮನೆಯವರೇ. ಪುಣಜನೂರಿನ ಕಾಡಂಚಿನ ಸೋಲಿಗರಿಗೆ ರಸ್ತೆ ಬದಿಯಲ್ಲಿ ಮನೆ ಕಟ್ಟಿಸಿಕೊಡಬೇಕೆಂದು ಅರ್ಜಿ ಬರೆದು, ಚಾಮರಾಜನಗರದ ಅಮಲ್ದಾರರಿಗೆ ಕೊಟ್ಟೆವು.

ಓದಿ ಮುಗಿಸಿದ ಅವರು, "ಇದನ್ನು ಅವರು ಕೇಳಿದರೋ, ನೀವೇ ಕೇಳ್ತಿದ್ದೀರೋ?" ಅಂದರು.

"ಅವರಿಗೆ ಓದುಬರಹ ಬರೋದಿಲ್ಲ ಸ್ವಾಮಿ. ಬಲ್ಲವರು ನಾವು ಹೇಳಬೇಕಲ್ಲ," ಅಂದರು ಸಂಘದ ವಕೀಲರು.

"ಹೆಬ್ಬೆಟ್ಟು ಒತ್ತೋದಕ್ಕೆ ಓದು ಬೇಕಿಲ್ಲವಲ್ಲ."

ಅರ್ಜಿ ವಾಪಸು ತೆಗೆದುಕೊಂಡೆವು. ಆ ಭಾನುವಾರ ವಕೀಲರೂ ನಾನೂ ಪುಣಜನೂರಿಗೆ ಬಸ್ಸಿನಲ್ಲಿ ಹೋಗಿ, ಸೋಲಿಗರ ಗುಡಿಸಲುಗಳಿದ್ದ ಕಡೆಗೆ ನಡೆದೆವು. ಗೆಣಸಿಗೆ ಮೆತ್ತಿದ ಮಣ್ಣು ಕೆರೆಯುತ್ತಿದ್ದ ಒಬ್ಬ ಅಜ್ಜಿಯ ಮುಂದೆ ಕೂತು ಅರ್ಜಿ ಓದಿ ಹೇಳಿದೆ. ಆಕೆ ಕೊನೆಯವರೆಗೂ ಕೇಳಿದಳು.

"ರಸ್ತೆ ತಾವ ಮನೆ ಯಾರ್ ಕೇಳುದ್ರು ಬುದ್ದಿ? ಹಳ್ಳಕ್ಕ ಓಗೋ ದಾರಿಗ ಬೇಲಿ ಆಕ್ಬುಟ್ಟವ್ರ. ನೀರ್ಗ ಗುಡ್ಡ ಸುತ್ಕಂಡು ಓಗ್ಬೇಕು. ಬಸುರಿ ಸೊಸೆ ಕೊಡ ಒತ್ಕಂಡು ಬಿದ್ಬುಟ್ಲು. ಕೂಸು ಉಳಿನಿಲ್ಲ."

ವಕೀಲರು ಮೆಲ್ಲಗೆ, "ನಿಮ್ಮ ಒಳ್ಳೇದಕ್ಕೇ ಬರೆದದ್ದು ಕಣಮ್ಮ," ಅಂದರು.

"ಬರೀಬ್ಯಾಡಿ ಅನ್ನಕ್ಕಿಲ್ಲ. ನಮ್ಮ ಕೇಳ್ಬುಟ್ಟು ಬರೀರಿ."

ಬೇಲಿ ನೋಡಲು ಹೋದೆವು. ಆ ಕಡೆಯಿಂದ ನಾನು ಎಂದೂ ಬಂದಿರಲಿಲ್ಲ; ಹತ್ತಿರ ಹೋದಾಗ ಗುರುತು ಸಿಕ್ಕಿತು. ಆ ಜಮೀನು ನನ್ನ ಸೋದರಮಾವನದು. ಹಿಂದಿನ ವರ್ಷ ಬೇಲಿ ಹಾಕಿಸುವಾಗ ನಾನೂ ಅಲ್ಲೇ ನಿಂತು, ಹಂದಿ ನುಗ್ಗದ ಹಾಗೆ ಭದ್ರವಾಗಿರಲಿ ಅಂದಿದ್ದೆ. ಅಲ್ಲೊಂದು ಕಾಲುದಾರಿ ಇದ್ದದ್ದು ಕಣ್ಣಿಗೆ ಬಿದ್ದಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ವಕೀಲರಿಗೆ ಎಲ್ಲ ಹೇಳಿದೆ.

ಹೊಸ ಅರ್ಜಿಯನ್ನು ಅಜ್ಜಿ ಹೇಳಿದ ಮಾತಿನಲ್ಲೇ ಬರೆದೆವು. ಮುಂದಿನ ಭಾನುವಾರ ಮತ್ತೆ ಹೋಗಿ ಓದಿ ಹೇಳಿದ ಮೇಲೆ ಆಕೆ ಹೆಬ್ಬೆಟ್ಟು ಒತ್ತಿದಳು, ಕೆಳಗೆ ನಾನು ರುಜು ಹಾಕಿದೆ. ಕಚೇರಿಗೂ ಆಕೆಯೇ ಬಂದು, ಹೇಳಬೇಕಾದ್ದನ್ನೆಲ್ಲ ನಿಂತು ಹೇಳಿದಳು.

ಅಮಲ್ದಾರರು ನನ್ನ ಕಡೆ ತಿರುಗಿ, "ಆಕೆಯೇ ಹೇಳಿದ ಮೇಲೆ ನಿಮ್ಮ ರುಜು ಯಾಕೆ ಮೇಷ್ಟ್ರೇ?" ಅಂದರು.

"ಬೇಲಿ ನಮ್ಮವರದು ಸ್ವಾಮಿ. ಹಾಕಿಸುವಾಗ ನಾನೂ ಇದ್ದೆ."

ಮಳೆಗಾಲಕ್ಕೆ ಮುಂಚೆಯೇ ದಾರಿ ಬಿಡುವಂತೆ ಹುಕುಂ ಆಯಿತು. ಮಾವ ನಮ್ಮ ಮನೆಗೆ ಬಂದು ಅಮ್ಮನ ಎದುರೇ, "ನಿಮ್ಮವ್ವನ ಒಡಹುಟ್ಟಿದವನ ಮೇಲೇ ಅರ್ಜಿ ಕೊಟ್ಬುಟ್ಟೆಯಲ್ಲಲಾ," ಅಂದರು. ಕೊಟ್ಟ ನೀರನ್ನೂ ಮುಟ್ಟದೆ ಎದ್ದು ಹೋದರು. ಸಂಘದ ಇಬ್ಬರು ಸಭೆಗೆ ಬರುವುದನ್ನು ನಿಲ್ಲಿಸಿದರು. ಅಮ್ಮ ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಆದರೆ ಆಮೇಲೆ ತವರಿಗೆ ಹೊರಟಾಗ ಒಮ್ಮೆಯೂ ನನ್ನನ್ನು ಜೊತೆಗೆ ಕರೆಯಲಿಲ್ಲ.