ಮಿಷನ್ನು ಸುಮ್ಮನಿದ್ದ ಮೂರು ದಿನ

ಬೀದಿಯವರಿಗೆಲ್ಲ ಅವಳು ಗಡಗಡಕ್ಕ. ಬೆಳಗ್ಗೆ ಕಿಟಕಿ ಪಕ್ಕದ ಕಸೂತಿ ಮಿಷನ್ನಿನ ಮುಂದೆ ಕೂತಳೆಂದರೆ ಹೊತ್ತು ಮುಳುಗುವವರೆಗೆ ಅದರ ಸದ್ದು ನಿಲ್ಲುತ್ತಿರಲಿಲ್ಲ. ತೆಳು ಬಟ್ಟೆಯೆಂದರೆ ಅವಳದು ಎತ್ತಿದ ಕೈ. ಪ್ರತಿ ಬಟ್ಟೆಗೂ ಹೊಸ ಸಣ್ಣ ಸೂಜಿ, ಸಡಿಲ ದಾರ, ಕೆಳಗೊಂದು ತೆಳು ಕಾಗದ. ಹೊಲಿದಾದ ಮೇಲೆ ಕಾಗದವನ್ನು ಮೆಲ್ಲಗೆ ಹರಿದು ತೆಗೆದರೆ ಒಂದು ಸುಕ್ಕೂ ಇಲ್ಲ. ಯಾರೂ ಕಲಿಸಿದ್ದಲ್ಲ, ಕೆಡಿಸಿ ಕೆಡಿಸಿ ಕಲಿತದ್ದು. ಮೂವತ್ತು ವರ್ಷದಲ್ಲಿ ಒಂದು ಬಟ್ಟೆಯನ್ನೂ ಆಗದೆಂದು ಹಿಂದಕ್ಕೆ ಕಳಿಸಿದವಳಲ್ಲ.

ಅಂಗಳದಾಚೆ ಹಿರಿಯ ಓರಗಿತ್ತಿಯ ಮನೆ. ಅವಳದು ಕೈಹೊಲಿಗೆ. ಗಡಗಡಕ್ಕ ಕಿಟಕಿಯಿಂದಲೇ ಕೆಣಕುವಳು:

"ಏನಕ್ಕಾ, ನಿನ್ನ ಎಲೆ ಇನ್ನೂ ಚಿಗುರ್ತಾ ಇದೆಯಾ? ಅಷ್ಟರಲ್ಲಿ ನಾನೊಂದು ತೋಟ ಮಾಡಿದೆ."

"ಮಾಡಮ್ಮಾ. ತೋಟದಲ್ಲಿ ಹೆಗ್ಗಣ ತೂತು ಕೊರೀದಿದ್ರೆ ಸಾಕು."

ಒಂದು ದಿನ ಬೀದಿ ಕೊನೆಯ ಟೀಚರಮ್ಮ ಹಳೆಯದೊಂದು ರೇಷ್ಮೆ ಮೇಲುಹೊದಿಕೆ ತಂದರು. "ನಮ್ಮಮ್ಮಂದು ಇದೊಂದೇ ಉಳಿದಿರೋದು. ಮಗಳ ಮದುವೆಗೆ ಅಂಚಿಗೆ ಬಳ್ಳಿ ಬೇಕು. ಇನ್ನು ಐದೇ ದಿನ."

"ಬಿಟ್ಟು ಹೋಗಿ" ಎಂದಳು ಗಡಗಡಕ್ಕ, ಮುಟ್ಟಿಯೂ ನೋಡದೆ.

ಅವರು ಹೋದ ಮೇಲೆ ಮುಟ್ಟಿದಳು. ಹಳೆಯ ರೇಷ್ಮೆ ಈರುಳ್ಳಿ ಸಿಪ್ಪೆಯ ಹಾಗೆ ಒಣಗಿ ಪೆಡಸಾಗಿತ್ತು! ಮಡಿಕೆಯ ಮೂಲೆಯಲ್ಲಿ ಪರೀಕ್ಷೆಗೆಂದು ಹತ್ತು ಹೊಲಿಗೆ ಹಾಕಿದಳು. ಸೂಜಿ ನಡೆದ ದಾರಿಯುದ್ದಕ್ಕೂ ರೇಷ್ಮೆ ಅಂಚೆಚೀಟಿಯ ಅಂಚಿನ ಹಾಗೆ ತೂತುತೂತಾಗಿ ಬಿಟ್ಟುಕೊಂಡಿತು.

ಬಳ್ಳಿಯನ್ನು ಹೊಸ ನೆಟ್ ಬಟ್ಟೆಯ ಮೇಲೆ ಮಿಷನ್ನಿನಲ್ಲಿ ಹೊಲಿದು, ಕತ್ತರಿಸಿ, ರೇಷ್ಮೆಗೆ ಕೂರಿಸಬಹುದು. ಆದರೆ ಕೂರಿಸಬೇಕಾದ್ದು ಕೈಯಲ್ಲಿ, ಎಳೆಗಳ ಸಂದಿಯಲ್ಲಿ ಸೂಜಿ ತೂರಿಸಿ. ಅಂಥ ಕೈ ಇದ್ದದ್ದು ಅಂಗಳದಾಚೆ. ಜಂಬ ಹೋದರೆ ಮತ್ತೆ ಬಂದೀತು, ರೇಷ್ಮೆ ಬರುವುದಿಲ್ಲ. ಮರುದಿನ ಬಳ್ಳಿ ಹೊಲಿದು ಮುಗಿಸಿದವಳೇ ಅಂಗಳ ದಾಟಿದಳು.

ಓರಗಿತ್ತಿ ಹರಿದ ಮೂಲೆಯನ್ನು ಬೆಳಕಿಗೆ ಹಿಡಿದಳು. "ಹೆಗ್ಗಣ ಹೊಕ್ಕಿತಾ?"

"ಹೊಕ್ತು ಕಣಕ್ಕಾ."

"ಹೊಲೀತೀನಿ. ಆದ್ರೆ ನಂಗೆ ಕಣ್ಣು ಮಂಜು. ಸೂಜಿ ಪೋಣಿಸೋಕೆ ನೀನೇ ಕೂರ್ಬೇಕು."

ಕೂತಳು. ಮಿಷನ್ನಿನ ಸದ್ದಿಲ್ಲದೆ ಬೀದಿ ಭಣಗುಟ್ಟಿತು. ಮೂರನೆಯ ದಿನ ಟೀಚರಮ್ಮನೇ ಓಡಿಬಂದರು. "ಸದ್ದೇ ಇಲ್ವಲ್ಲ ಅಂತ ಗಾಬರಿ ಆಯ್ತು. ಮಿಷನ್ ಕೆಟ್ಟೋಯ್ತಾ?"

ಗಡಗಡಕ್ಕ ತಾನು ಹರಿದಿದ್ದ, ಓರಗಿತ್ತಿ ಈಗ ಕೂಡಿಸಿದ್ದ ಮೂಲೆಯನ್ನೇ ತೋರಿಸಿದಳು. "ಮಿಷನ್ ಚೆನ್ನಾಗಿದೆ. ನೋಡದೆ ಒಪ್ಕೊಂಡದ್ದು ನನ್ನ ತಪ್ಪು. ಇದು ನನ್ನಿಂದ ಆಗ್ಲಿಲ್ಲ, ನಮ್ಮಕ್ಕನ ಕೈಯಿಂದ ಆಗ್ತಿದೆ." ಪಕ್ಕದ ಮನೆಗೂ ಕೇಳುವಷ್ಟು ಜೋರಾಗಿಯೇ ಹೇಳಿದಳು.

ಟೀಚರಮ್ಮ ಮೂಲೆಯನ್ನು ಸವರಿದರು, ಬಳ್ಳಿಯನ್ನೂ ಸವರಿದರು. ಎಲ್ಲಿ ಹರಿದದ್ದು, ಎಲ್ಲಿ ಕೂರಿಸಿದ್ದು ಎಂದು ಬೆರಳಿಗೆ ತಿಳಿಯಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಓರಗಿತ್ತಿ ತಲೆಯೆತ್ತದೆ ಖಾಲಿ ಸೂಜಿಯನ್ನು ಪಕ್ಕಕ್ಕೆ ಚಾಚಿದಳು. "ಮಾತು ಸಾಕು. ಇನ್ನೂ ನಾಲ್ಕು ಎಲೆ ಇದೆ, ಪೋಣಿಸು."