ಚೆಕ್‌ಪೋಸ್ಟಿನಲ್ಲಿ ಬಿಚ್ಚಿದ ನಕ್ಷೆ

ಕುವೈತಿನ ಶುಕ್ರವಾರದ ಸಂತೆಯಲ್ಲಿ ನನಗೊಂದು ಹಳೆಯ ನಕ್ಷೆ ಸಿಕ್ಕಿತ್ತು. ಪಶ್ಚಿಮದ ಮರುಭೂಮಿಯದು. ಕುರಿ, ಒಂಟೆ ಮೇಯುವ ಬಯಲು, ಜಲ್ಲಿ ತೆಗೆಯುವ ಗುಂಡಿಗಳು, ಬಾವಿಗಳು, ಎಲ್ಲಕ್ಕೂ ಅದರಲ್ಲಿ ಹೆಸರಿತ್ತು. ಒಂದು ಬಾವಿಯಾದರೂ ಉಳಿದಿದೆಯೇ ನೋಡೋಣವೆಂದು ಹೆಂಡತಿಯ ಜೊತೆ ಹೊರಟೆ. ಚೆಕ್‌ಪೋಸ್ಟಿನಲ್ಲಿ ಪೊಲೀಸ್ ಅಧಿಕಾರಿ ನಮ್ಮ ಇಕಾಮಾ, ಅಂದರೆ ವಾಸದ ಪರವಾನಗಿ, ನೋಡಿದ. ಆಮೇಲೆ ಅವನ ಕಣ್ಣು ಹೆಂಡತಿಯ ತೊಡೆಯ ಮೇಲಿದ್ದ ನಕ್ಷೆಯ ಮೇಲೆ ಬಿತ್ತು.

“ಇದನ್ನು ಯಾರು ಕೊಟ್ಟರು?” ಎಂದು ಇಂಗ್ಲಿಷಿನಲ್ಲಿ ಕೇಳಿದ.

ಗಡಿ ಹತ್ತಿರದಲ್ಲೇ ಇತ್ತು. ಗೂಢಚಾರ ಅಂದುಕೊಂಡರೆ ಏನು ಗತಿ? “ಸಂತೆಯಲ್ಲಿ ತಗೊಂಡೆ ಸರ್, ಗೋಡೆಗೆ ಹಾಕೋಕೆ,” ಎಂದೆ.

“ಗೋಡೆಗೆ ಹಾಕೋದನ್ನ ಕಾರಲ್ಲಿ ಯಾಕೆ ತಂದ್ರಿ?” ಎಂದು ಹೆಂಡತಿ ಕನ್ನಡದಲ್ಲಿ ಗೊಣಗಿದಳು.

ಅವನು ನಕ್ಷೆಯನ್ನು ಬಾನೆಟ್ ಮೇಲೆ ಹರಡಿ, ಒಂದು ಕಡೆ ಬೆರಳಿಟ್ಟು, ಯಾರಿಗೋ ವಿಡಿಯೋ ಕಾಲ್ ಮಾಡಿದ. ಮೇಲಧಿಕಾರಿಗೇ ಇರಬೇಕು, ಖಲಾಸ್, ನನ್ನ ಕೆಲಸ ಹೋಯಿತು ಅಂದುಕೊಂಡೆ. ಪರದೆಯ ಮೇಲೆ ಬಂದವರು ಬೊಚ್ಚುಬಾಯಿಯ ಮುದುಕರು.

“ನಮ್ಮಪ್ಪ. ಇದು ನಮ್ಮ ಮನೆತನದ ಬಾವಿ,” ಎಂದ ಅಧಿಕಾರಿ.

ನಕ್ಷೆ ನೋಡುತ್ತಲೇ ಮುದುಕರು ಅರಬ್ಬಿಯಲ್ಲಿ ರೇಗಾಡಿದರು. ಮಗ ನನಗೆ ಬಿಡಿಸಿ ಹೇಳಿದ: ಬಾವಿ ಇದ್ದದ್ದು ದಿಬ್ಬದ ಆಚೆ ಬದಿಗಂತೆ, ಬರೆದವನಿಗೆ ಕಣ್ಣೇ ಇರಲಿಲ್ಲವಂತೆ. ಆಮೇಲೆ ನಗುತ್ತ ಜೇಬಿನಿಂದ ಪೆನ್ನು ತೆಗೆದುಕೊಟ್ಟ. “ತಿದ್ದಿಬಿಡಿ. ಇಲ್ಲದಿದ್ದರೆ ಅಪ್ಪ ಫೋನ್ ಇಡೋಕೆ ಬಿಡಲ್ಲ.”

ಹೇಳಿದ ಕಡೆ ಸೊನ್ನೆ ಸುತ್ತಿದೆ. ಮುದುಕರು ತಲೆಯಾಡಿಸಿದರು. “ಯಲ್ಲಾ, ಹೊರಡಿ,” ಎಂದು ಅಧಿಕಾರಿ ದಾರಿ ಬಿಟ್ಟ.

ಅಬ್ಬಾ ಎಂದು ಉಸಿರುಬಿಟ್ಟೆ. ಪೊಲೀಸರ ಅಪ್ಪಣೆಯಂತೆ ಕುವೈತಿನ ಬಾವಿಯೊಂದನ್ನು ದಿಬ್ಬ ದಾಟಿಸಿದ ಮಂಗಳೂರಿನವನು ನಾನೊಬ್ಬನೇ ಇರಬೇಕು.