ಗಂಜಿ ಹಚ್ಚಿದ ಕೋಟು

ಹುಣಸೆ ಬೀಜ ಹುರಿಯುವ ವಾಸನೆ ಈಗ ಎಲ್ಲಿಯೂ ಸಿಗುವುದಿಲ್ಲ. ಸಿಕ್ಕರೂ ನಾನು ಅಲ್ಲಿ ನಿಲ್ಲುವವಳಲ್ಲ. ಆದಿವಾಲದ ನಮ್ಮ ಮನೆಯಲ್ಲಿ ಆ ವಾಸನೆ ಎದ್ದಿತೆಂದರೆ ಮಗ್ಗದಿಂದ ಹೊಸ ಕಂಬಳಿ ಇಳಿದಿದೆ ಎಂದೇ ಅರ್ಥ. ಹುರಿದ ಬೀಜದ ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಕುದಿಸಿದ ಗಂಜಿಯನ್ನು ಅಜ್ಜಿ ಕಂಬಳಿಯ ಉದ್ದಕ್ಕೂ ಹಚ್ಚುತ್ತಿದ್ದಳು. ಗಂಜಿ ಕುಡಿದ ಕಂಬಳಿ ಬಿರುಸಾಗಿ ನಿಲ್ಲುತ್ತಿತ್ತು, ಮಳೆಗೂ ಜಗ್ಗುತ್ತಿರಲಿಲ್ಲ. ಗಂಡಸು ಜೋಲು ಕಂಬಳಿ ಹೊದ್ದು ಊರು ಬಿಟ್ಟರೆ ಮನೆ ಹೆಂಗಸರ ಮಾನ ಹೋದಂತೆ ಎಂದು ಅವಳ ಲೆಕ್ಕ.

ಅವಳ ಕಿರಿಮಗ, ನನ್ನ ಚಿಕ್ಕಪ್ಪ, ಕುರಿ ಬಿಟ್ಟು ನೌಕಾಪಡೆಯ ಹಡಗು ಹತ್ತಿದವನು. ಯುದ್ಧ ಮುಗಿದ ಮೇಲೆ ಅವನನ್ನು ಮನೆಗೆ ಕಳಿಸಿದ್ದರು. ಲಂಗರಿನ ಗುರುತಿದ್ದ ಹಿತ್ತಾಳೆ ಗುಂಡಿಗಳ ಕಡುನೀಲಿ ಉಣ್ಣೆ ಕೋಟೊಂದು ಅವನ ಜೊತೆ ಬಂದು ಗೂಟಕ್ಕೆ ನೇತುಬಿದ್ದಿತ್ತು. ಅದನ್ನು ಮುಟ್ಟಿದ್ದಕ್ಕೆ ನನಗೊಮ್ಮೆ ಬೆನ್ನು ಉರಿಯುವಂತೆ ಬಿಟ್ಟಿದ್ದ. ಸ್ವಾತಂತ್ರ್ಯ ಬಂತು, ಹಡಗು ಇನ್ನು ನಮ್ಮವೇ, ಕರೆದೇ ಕರೆಯುತ್ತಾರೆ ಎಂದು ದಿನಾ ಅಂಚೆಯವನ ದಾರಿ ಕಾಯುತ್ತಿದ್ದ. ಕೊನೆಗೂ ಕಾಗದ ಬಂತು. ಹಳೆಯ ನಾವಿಕರನ್ನು ಮತ್ತೆ ಪರೀಕ್ಷೆ ಮಾಡುತ್ತಾರೆ, ಸಮವಸ್ತ್ರದಲ್ಲೇ ಬೆಂಗಳೂರಿಗೆ ಬರಬೇಕು.

ಹೊರಡುವ ಹಿಂದಿನ ದಿನ ಅವನು ಕ್ಷೌರಕ್ಕೆಂದು ಹಿರಿಯೂರಿಗೆ ಹೋದ. ಅಜ್ಜಿ ಕೋಟನ್ನು ಇಳಿಸಿ ಬೆರಳಲ್ಲಿ ಉಜ್ಜಿ ನೋಡಿದಳು.

"ಉಣ್ಣೆ ಚಲೋ ಐತೆ ಕಣೆ. ಗಂಜಿ ಕಂಡಿಲ್ಲ ಅಷ್ಟೆ."

ಅದನ್ನು ಮುಟ್ಟಿ ತಿಂದ ಏಟು ನನಗೆ ನೆನಪಿತ್ತು. ಬೇಡ ಎನ್ನಬೇಕಿತ್ತು, ಅನ್ನಲಿಲ್ಲ. ನೆನೆದ ಬೀಜವನ್ನು ರುಬ್ಬಿಕೊಟ್ಟವಳು ನಾನೇ. ಅಜ್ಜಿ ಕಾಲರಿನಿಂದ ಹಿಡಿದು ತೋಳಿನ ತುದಿಯವರೆಗೆ ಒಂದು ಎಳೆಯನ್ನೂ ಬಿಡದೆ ಹಚ್ಚಿ ಬಿಸಿಲಿಗೆ ಹರವಿದಳು.

ಸಂಜೆ ಅವನು ಬರುವ ಹೊತ್ತಿಗೆ ಕೋಟು ಹಪ್ಪಳದಂತೆ ಸೆಟೆದಿತ್ತು. ಕಾಲರು ಮುರುಟಿತ್ತು, ಎದೆಯ ಮೇಲೆ ಬಿಳಿ ಪಟ್ಟೆಗಳೆದ್ದಿದ್ದವು. ತೊಳೆದರೆ ಅಷ್ಟು ದಪ್ಪದ ಉಣ್ಣೆ ಒಣಗಲು ಎರಡು ದಿನ ಬೇಕು, ಬಸ್ಸು ಬೆಳಿಗ್ಗೆಯೇ. ಅವನು ಅಂಗಳದಲ್ಲೇ ನಿಂತ. ಅವನ ಕತ್ತಿನ ನರ ಉಬ್ಬಿದ್ದು ಕಂಡು ನಾನು ಕಂಬದ ಹಿಂದೆ ಸರಿದೆ. ಅಜ್ಜಿ ಮಾತ್ರ ಮಗನ ಬಾಯಿಂದ ಒಂದು ಒಳ್ಳೆಯ ಮಾತು ಬೀಳಲೆಂದು ಕಾದು ನಿಂತಿದ್ದಳು, ಗಂಜಿ ಮೆತ್ತಿದ ಕೈ ಸೆರಗಿಗೆ ಒರೆಸುತ್ತಾ.

"ಚೆನ್ನಾಗೈತೆ ಕಣವ್ವ," ಎಂದ.

ಬೆಳಿಗ್ಗೆ ಅದನ್ನೇ ತೊಟ್ಟು, ಮೊಣಕೈ ಬಗ್ಗಿಸಲಾಗದೆ ಚೀಲವನ್ನು ಹೆಗಲಿಗೆ ಸಿಕ್ಕಿಸಿಕೊಂಡು ಹೋದ. ಮೂರು ದಿನ ಅಜ್ಜಿ ಹೊಸಿಲು ಬಿಟ್ಟು ಏಳಲಿಲ್ಲ. ನಾಲ್ಕನೆಯ ದಿನ ಬಂದ, ಕೋಟನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು.

"ವಯಸ್ಸು ಮೀರೈತಂತೆ ಕಣವ್ವ."

"ಕೋಟು ನೋಡಿ ಏನಂದ್ರಪ್ಪ?"

"ಭೇಷ್ ಅಂದ್ರು."

ಅಜ್ಜಿ ಆ ಮಾತನ್ನು ಸಾಯುವವರೆಗೂ ಮನೆಗೆ ಬಂದವರಿಗೆಲ್ಲ ಹೇಳಿದಳು. ಚಿಕ್ಕಪ್ಪ ಎದುರಿಗಿದ್ದರೆ ತಲೆಯಾಡಿಸುತ್ತಿದ್ದ. ಹಿರಿಯೂರಿನ ಪಕ್ಕದ ಬಬ್ಬೂರಿನ ಸರ್ಕಾರಿ ಕೃಷಿ ಫಾರ್ಮಿನಲ್ಲಿ ಆಳಾಗಿ ಸೇರಿ, ಮದುವೆಯ ಮಾತನ್ನೂ ತೆಗೆಯದೆ, ಅಲ್ಲೇ ಮುದುಕನಾದ.

ಅಜ್ಜಿಯನ್ನು ಮಣ್ಣು ಮಾಡಿ ಬಂದ ಸಂಜೆ ಹಿತ್ತಿಲ ಕಲ್ಲಿನ ಮೇಲೆ ಅವನ ಪಕ್ಕ ಕುಳಿತು, ಬೀಜ ರುಬ್ಬಿದ್ದು ನಾನೇ ಎಂದು ಹೇಳಿಬಿಟ್ಟೆ. ಅಳು ತಡೆಯಲಾಗಲಿಲ್ಲ.

"ಗೊತ್ತಿತ್ತು ಬಿಡು," ಎಂದ. "ನಾನು ಬೆಂಗಳೂರಿಗೆ ಹೋಗ್ಲೇ ಇಲ್ಲ ಕಣವ್ವ. ಹಿರಿಯೂರಲ್ಲೇ ಬಸ್ಸಿಳಿದೆ. ಆ ವೇಷದಾಗೆ ಸಾಹೇಬ್ರ ಮುಂದೆ ನಿಂತರೆ ನಗ್ತಾರೆ ಅನ್ನಿಸ್ತು. ಮೂರು ದಿನ ಬಬ್ಬೂರು ಫಾರ್ಮಿನ ಬೇಲಿ ಪಕ್ಕ ಕುಂತಿದ್ದೆ."

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಅವನೇ ಮೆಲ್ಲಗೆ ಅಂದ:

"ನಕ್ಕರೂ ಒಂದ್ಸಲ ಹೋಗಿ ನಿಲ್ಬೇಕಿತ್ತು."

ಅಷ್ಟು ವರ್ಷ ಆ ಒಂದು ಮಾತನ್ನು ಅವನು ಅಜ್ಜಿಗೆ ಕೇಳಿಸದಂತೆ ಇಟ್ಟುಕೊಂಡಿದ್ದ.